ಸುಮ್ಮನೆ ಕೂರುವುದು

ಬೈತಖೋಲಿನ ಹಳೇ ಐಸ್ ಕಾರ್ಖಾನೆಯೇ
ನಮ್ಮ ಕಲಾ ವಿಭಾಗ.
ಎರಡು ಸಲ ಸುಣ್ಣ ಬಳಿದರೂ
ಆಷಾಢದಲ್ಲಿ ಗೋಡೆಯೊಳಗಿನ ಉಪ್ಪು ಹೊರಗೆ ಬರುತ್ತಿತ್ತು
ನಕಾಶೆಯ ಹಾಗೆ, ಯಾವ ದೇಶದ್ದೋ.
ನಾವು ಏಳು ಜನ.
ಇಡೀ ವಿಶ್ವವಿದ್ಯಾಲಯವೇ ಇನ್ನೂರ ಹನ್ನೊಂದು.
ಕ್ಯಾಂಟೀನಿನ ಇನಾಸನಿಗೆ
ಎಲ್ಲರ ಸಾಲವೂ ಬಾಯಿಪಾಠ.

ಚಿತ್ರ ಕಲಿಯಲು ಬಂದವರಿಗೆ
ತರ್ಕಶಾಸ್ತ್ರ ಕಡ್ಡಾಯ, ಸಸ್ಯಶಾಸ್ತ್ರವೂ.
ಬುಧವಾರ ಕಾಳಿ ನದಿಯ ಅಳಿವೆಯಲ್ಲಿ
ಮೊಣಕಾಲುದ್ದ ಕೆಸರಲ್ಲಿ ನಿಂತು
ಕಾಂಡ್ಲಾ ಬೀಜ ತಾಯಿಯ ಮೈಮೇಲೆಯೇ ಮೊಳೆಯುವುದನ್ನು ನೋಡಿದೆವು.
ಗುರುವಾರ: ಮನುಷ್ಯರೆಲ್ಲ ಸಾಯುವವರು,
ಆದ್ದರಿಂದ.
ಬೊಮ್ಮಯ್ಯ ಗೌಡ ಕೈಯೆತ್ತಿ ಕೇಳಿದ,
'ಸರ್, ಈ ಆದ್ದರಿಂದವನ್ನು ಯಾವ ಬಣ್ಣದಲ್ಲಿ ಬರೆಯೋದು?'
ಮೇಷ್ಟ್ರು ನಗಲಿಲ್ಲ.
ಕಿಟಕಿಯಾಚೆ ನೋಡುತ್ತ ಆ ತಾಸು ಮುಗಿಸಿದರು.

ಅವ್ವ ದಿನಾ ಫೋನಿನಲ್ಲಿ,
'ಇವತ್ತು ಎಂತ ಕಲಿಸಿದ್ರು?'
ಮೂಗು, ಅನ್ನುತ್ತಿದ್ದೆ.
ಮರುದಿನ, ಕಿವಿ.
'ತಿಂಗಳಾಯ್ತು, ಇನ್ನೂ ಕುತ್ತಿಗೆ ದಾಟಲಿಲ್ವಾ?
ಫೀಸು ಇಡೀ ಮೈಗೆ ಕಟ್ಟಿದ್ದಲ್ವಾ?'

ನಿಜ. ಎದುರಿಗಿದ್ದದ್ದು ಒಂದು ಪ್ಲಾಸ್ಟರಿನ ತಲೆ,
ಮುಂಬೈಯಿಂದ ಹುಲ್ಲಿನಲ್ಲಿ ಸುತ್ತಿಕೊಂಡು ಬಂದದ್ದು.
ಉಸಿರಿಲ್ಲ, ಅಲುಗುತ್ತಿರಲಿಲ್ಲ.
ಅದು ಅಲುಗದ್ದರಿಂದಲೇ ನಾವೆಲ್ಲ ಜಾಣರಾದೆವು.

ಎರಡನೇ ವರ್ಷ ಪೆಡ್ನೇಕರ ಸರ್
ಮೀನುಪೇಟೆಯಿಂದ ಮಂಕಾಳಿಯನ್ನು ಕರೆತಂದರು.
ತಾಸಿಗೆ ನೂರೈವತ್ತು,
ಸುಮ್ಮನೆ ಕೂತರೆ ಸಾಕು.
ಅವಳಿಗೆ ಅದೊಂದು ಬರುತ್ತಿರಲಿಲ್ಲ.
ಕೈ ತಾನಾಗಿ ಏಳುತ್ತಿತ್ತು, ಇಲ್ಲದ ನೊಣ ಓಡಿಸಲು.
ಕಣ್ಣು ಬಾಗಿಲಿಗೆ, ಇಲ್ಲದ ಗಿರಾಕಿಗೆ.
'ಮುಂದೊಂದು ಬುಟ್ಟಿ ಇಟ್ರೆ ಕೂರಬಹುದಿತ್ತು' ಎಂದಳು.
ಸರ್ ಬೇಡವೆಂದರು. ನಮಗೆ ಬೇಕಾದ್ದು ಬೆನ್ನಿನ ಗೆರೆ.
ಹನ್ನೊಂದೂಮುಕ್ಕಾಲಿಗೆ ನಿದ್ದೆ ಹೋದಳು.
ಆಗ ಬೆನ್ನು ಬೆನ್ನಾಯಿತು,
ಏಳು ಇದ್ದಿಲು ಒಟ್ಟಿಗೇ ಕೆರೆದವು, ಇಲಿಗಳ ಹಾಗೆ.

ಎದ್ದವಳು ದುಡ್ಡೆಣಿಸಿ ಸೊಂಟಕ್ಕೆ ಸಿಕ್ಕಿಸಿ
ಹೊರಡಲಿಲ್ಲ.
ಹರಾಜಿನಲ್ಲಿ ರಾಶಿಯಿಂದ ರಾಶಿಗೆ ನಡೆವ ಹಾಗೆ
ಹಾಳೆಯಿಂದ ಹಾಳೆಗೆ ನಡೆದಳು.
ಬೊಮ್ಮಯ್ಯನದು: 'ಇದಕ್ಕೆ ಐಸು ಜಾಸ್ತಿಯಾಯ್ತು.'
ನಜ್ಮಾಳದು: 'ಹೂಂ. ಕಣ್ಣು ತಿಳಿ ಇದೆ.
ನಾನು ಮುಚ್ಚಿದ್ದೆ, ಇವಳು ತೆಗೆಸಿದ್ದಾಳೆ.'
ನನ್ನದರ ಮುಂದೆ ಮಾತಿಲ್ಲ.
ಹೆಬ್ಬೆರಳಿಂದ ಒತ್ತಿದಳು
ಭುಜದ ಕೆಳಗೆ,
ನಾನು ಮೂರು ಸಲ ತಿದ್ದಿ ಹೆಮ್ಮೆಪಟ್ಟ ನೆರಳಿನ ಮೇಲೆ.
'ಇದು ನಿನ್ನೆಯದು, ತಂಗೀ.'

ಸರ್ ಅದಕ್ಕೆ ಎಪ್ಪತ್ತೆರಡು ಕೊಟ್ಟರು, ತರಗತಿಗೇ ಹೆಚ್ಚು.
ಧಾರವಾಡದ ಪರೀಕ್ಷಕರು ಬಂದಾಗ
ಹೆಬ್ಬೆಟ್ಟಿನ ಗುರುತು ತೋರಿಸಿ, ಅಳಿಸಬೇಕಿತ್ತು, ಎಂದರು.
ಅಳಿಸಲು ಕೂತಿದ್ದೆ ಒಂದು ರಾತ್ರಿ
ಬ್ರೆಡ್ಡಿನ ತುಂಡು ಹಿಡಿದು.
ಬ್ರೆಡ್ಡು ತಿಂದೆ.

ಅದೆಲ್ಲ ಆಮೇಲಿನ ಮಾತು.
ಆ ಭಾನುವಾರವೇ ಪೇಟೆಗೆ ಹೋಗಿದ್ದೆ,
ಕೊಳ್ಳಲಲ್ಲ, ಕೇಳಲು: ನಿನ್ನೆಯದು ಅಂದರೆ?
ಐನೂರರ ನೋಟು ಹಿಡಿದು ಚಿಲ್ಲರೆಗೆ ಎದ್ದು ನಿಂತಿದ್ದಳು.
'ಬಂದ್ಯಾ? ಸುಮ್ಮನೆ ಕೂತ್ಕ ಇಲ್ಲಿ. ಈಗ ಬಂದೆ.'

ಕೂತೆ.
ಬುಟ್ಟಿಯ ಹಿಂದೆ, ಒದ್ದೆ ಮಣೆಯ ಮೇಲೆ,
ಅವಳ ಮೈಯ ಬಿಸಿ ಇನ್ನೂ ಆರದ ಕಡೆ.
ಇಡೀ ಕಾರವಾರ ನನ್ನನ್ನು ನೋಡುತ್ತ ಹೋಯಿತು.
ಕೈಗಳನ್ನು ಎಲ್ಲಿಡುವುದು?
ಮಡಿಲಲ್ಲಿಟ್ಟೆ. ಮಂಡಿಯ ಮೇಲಿಟ್ಟೆ.
ನೊಣ ಬಂತು, ನಿಜವಾದದ್ದು.
ಬೆನ್ನು ಯಾರೂ ಹೇಳದೆ ಬಾಗಿತು,
ಬಾಗಿದ ಆ ಗೆರೆ ನನಗೆ ಕಾಣುವ ಹಾಗಿರಲಿಲ್ಲ.

ಇಸ್ತ್ರಿ ಅಂಗಿಯವರೊಬ್ಬರು ಸ್ಕೂಟರ್ ನಿಲ್ಲಿಸಿ
ಬಗ್ಗಿ ಕೇಳಿದರು,
'ಬಂಗಡೆ ಇವತ್ತಿನದಾ?'
ಸುತ್ತ ನೋಡಿದೆ. ಅವಳಿನ್ನೂ ಬಂದಿರಲಿಲ್ಲ.
ಹೆಬ್ಬೆರಳು ಚಾಚಿ
ಒತ್ತಿದೆ.